ಊರಿಗೆ ಬಾರದ ನೀರು

ಶಿರಗುಪ್ಪಿ, ಮಂಗಳವಾರ, ೧ ಅಕ್ಟೋಬರ್ ೧೯೩೫

ಇವತ್ತು ಸುಮ್ಮನೆ ಊರನ್ನೆಲ್ಲ ಎಬ್ಬಿಸಿದೆನೇನೋ ಎಂಬುದು ಇನ್ನೂ ಕೊರೆಯುತ್ತಿದೆ.

ಮಧ್ಯಾಹ್ನ ಹಳ್ಳ ಏರುತ್ತಿತ್ತು. ಹೋದ ವರ್ಷ ನೆರೆ ಬಂದ ಮೇಲೆ, ಹಳ್ಳದ ಮೇಲೆ ಕಣ್ಣಿಡುವ ಕೆಲಸವನ್ನು ಪಂಚರು ನನಗೆ ಒಪ್ಪಿಸಿದ್ದಾರೆ. ಡೋಲು ಬಾರಿಸುವುದು ರಸೂಲಸಾಬನ ಕೆಲಸ. ಆ ನೆರೆಯಲ್ಲೇ ಅವನ ತಾಯಿ ಖಾತುನಬಿ ಕೊಚ್ಚಿಹೋದಳು. ನಾನು ಹೇಳಿದ್ದೇ ತಡ, ಅವನು ಮಳೆಯಲ್ಲೇ ಓಣಿ ಓಣಿ ಬಾರಿಸುತ್ತ ಹೋದ. ಜನ ಕೂಸು, ದನ, ಜೋಳದ ಚೀಲ ಸಮೇತ ದಿಬ್ಬ ಹತ್ತಿದರು. ಸಂಜೆಯವರೆಗೆ ಕಾದೆವು. ನೀರು ಊರಿಗೆ ಬರಲೇ ಇಲ್ಲ.

“ಚನ್ನಯ್ಯಾರ, ಸುಮ್ಮನ ತೋಯಿಸಿದ್ರಿ ನೋಡ್ರಿ. ಒಲಿ ಮ್ಯಾಲಿನ ಸಾರು ಸುದ್ದಾ ಹೊತ್ತಿಹೋತು,” ಎಂದು ನಮ್ಮ ಓಣಿಯ ಬಾಳವ್ವ ಎಲ್ಲರೆದುರು ಅಂದಳು. ಕೆಲವರು ನಕ್ಕರು.

“ಬರಲಿಲ್ಲಂದ್ರ ಛಲೋನ ಆತಲ್ಲವಾ,” ಎಂದ ರಸೂಲಸಾಬ.

ಮುಂದಿನ ಸಲ ಡೋಲು ಕೇಳಿದರೆ ಇವರು ಎದ್ದು ಬರುತ್ತಾರೆಯೇ? ಅದೇ ಚಿಂತೆಯಲ್ಲಿ, ರಸೂಲಸಾಬ ಇಟ್ಟುಹೋದ ಡೋಲಿನ ಪಕ್ಕ ಕಟ್ಟೆಯ ಮೇಲೆ ಕುಳಿತಿದ್ದೆ. ದೀಪ ಹಚ್ಚುವ ಹೊತ್ತಿಗೆ ಬಾಳವ್ವ ಬಂದಳು.

“ಡೋಲಿನ ತೊಗಲು ತೊಯ್ದು ಮೆತ್ತಗಾಗೇತ್ರಿ. ನಮ್ಮ ಒಲಿ ಮುಂದ ಇಡತೇನಿ, ಒಣಗಲಿ. ನಾಳೆ ಬೇಕಾದೀತು.”

ತಾನೇ ಹೆಗಲಿಗೆ ಹಾಕಿಕೊಂಡು ಹೋದಳು. ಹೊರಗೆ ಮತ್ತೆ ಹನಿಯುತ್ತಿದೆ. ಇವತ್ತು ನಿದ್ದೆ ಬಂದೀತು.