ಬೀಗದ ಕೋಣೆಯ ಸಾಫ್ಟ್‌ವೇರ್ ಪಾಠ

ಶಿಕ್ಷಕರ ತರಬೇತಿಯ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ಶಿಕ್ಷಕನಾಗಲು ಓದುತ್ತಿದ್ದ ನಾನು ಕಂಪ್ಯೂಟರನ್ನು ಒಂದು ಸಲವೂ ಚಾಲೂ ಮಾಡಿಲ್ಲ. ಮನೆಯಲ್ಲೂ ಇದನ್ನು ಹೇಳಿರಲಿಲ್ಲ. ನಮ್ಮವ್ವ ಉಚ್ಚಂಗೆಮ್ಮ ಓಣಿಯಲ್ಲೆಲ್ಲ "ನನ್ನ ಮಗ ಕಂಪ್ಯೂಟ್ರು ಕಲಿಸೋ ಮಾಸ್ತರ ಆಗ್ತಾನ" ಎಂದು ಹೇಳಿಕೊಳ್ಳುವಾಗ ತಲೆ ತಗ್ಗಿಸಿ ನಡೆದಿದ್ದೇನೆ. ನಮ್ಮ ತರಬೇತಿ ಸಂಸ್ಥೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವುದು ಆಯುಧಪೂಜೆಗೆ ಮತ್ತು ತಮ್ಮ ತಪಾಸಣೆಗೆ ಮಾತ್ರ. ಮೊದಲನೆಯದಕ್ಕೆ ಕುಂಕುಮ ಹಚ್ಚುತ್ತೇವೆ, ಎರಡನೆಯದಕ್ಕೆ ಅದನ್ನು ಒರೆಸುತ್ತೇವೆ.

ಹಾಗಾದರೆ ಸಾಫ್ಟ್‌ವೇರ್ ಕಲಿತದ್ದು ಹೇಗೆ? ಚಾರ್ಟಿನ ಮೇಲೆ ಮರ ಬರೆದು. ಒಂದು ಕೊಂಬೆಗೆ ಸಿಸ್ಟಮ್ ಸಾಫ್ಟ್‌ವೇರ್, ಇನ್ನೊಂದಕ್ಕೆ ಅಪ್ಲಿಕೇಶನ್ ಸಾಫ್ಟ್‌ವೇರ್, ಎಲೆಗಳಿಗೆ ಹಸಿರು ಬಣ್ಣ. ಹಿರೇಹಡಗಲಿಯ ಶಾಲೆಯೊಂದಕ್ಕೆ ಅಭ್ಯಾಸ ಪಾಠ ಮಾಡಲು ಥರ್ಮಾಕೋಲಿನ ಕಂಪ್ಯೂಟರ್ ಹೊತ್ತು ಹೋಗಿದ್ದೆ. ಏಳನೇ ತರಗತಿಯ ಸಂಘಮಿತ್ರಾ ಎದ್ದು ನಿಂತಳು.

"ಸರ್, ಅಪ್ಲಿಕೇಶನ್ ಅಂದ್ರ ನಮ್ಮ ಕೆಲಸ ಮಾಡಿಕೊಡೋದು ಅಂದ್ರಿ. ಒಂದು ಕೆಲಸ ಮಾಡಿಸಿ ತೋರಿಸ್ರಿ."

ಥರ್ಮಾಕೋಲಿನ ಕೀಲಿಮಣೆ ಒತ್ತಿದೆ. ಬೆರಳು ಒಳಗೆ ಹೋಯಿತು. ಹಿಂದಿನ ಬೆಂಚಿನಿಂದ, "ಲೇ, ಸರ್ ಕಂಪ್ಯೂಟ್ರು ತೂತು ಮಾಡಿದ್ರಲೇ" ಎಂಬ ಮಾತು ಬಂತು. ತರಗತಿಯೆಲ್ಲ ನಕ್ಕಿತು. ಅವಳು ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಆದರೂ ಆ ಪಾಠಕ್ಕೆ ನನಗೆ ಒಳ್ಳೆಯ ಅಂಕ ಸಿಕ್ಕಿತು. ಬೋಧನೋಪಕರಣ ಚೆನ್ನಾಗಿತ್ತಂತೆ.

ಕಳೆದ ವಾರ ತಾವೇ ಬಂದಿರಿ. ಸಾಫ್ಟ್‌ವೇರ್ ಎಷ್ಟು ವಿಧ ಎಂದು ನನ್ನನ್ನು ಕೇಳಿದಿರಿ. ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಶಭಾಷ್ ಎಂದಿರಿ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಮಾಸ್ತರನಾಗಿಬಿಡುತ್ತಿದ್ದೆ.

"ಸರ್, ಈ ಕಂಪ್ಯೂಟ್ರುಗಳನ್ನ ನಾನು ಮುಟ್ಟಿದ್ದು ಒರಸಾಕ ಅಷ್ಟರಿ" ಎಂದೆ.

"ಉತ್ತರ ಸರಿ ಐತಲ್ಲಪ್ಪ, ಮತ್ಯಾಕ ತಕರಾರು?" ಎಂದು ತಾವು ಚಹಾಕ್ಕೆ ಎದ್ದಿರಿ.

ಸಂಜೆ ಪ್ರಾಂಶುಪಾಲರು ಕರೆಸಿದರು. "ಸಾಹೇಬ್ರ ಮುಂದ ಸುಳ್ಳು ಹೇಳ್ದೆ ಅಂತ ಎಲ್ಲರೆದುರು ಒಪ್ಪಿಕೋ. ಇಲ್ಲಾಂದ್ರ ಪರೀಕ್ಷಿಗೆ ಕುಂದ್ರಂಗಿಲ್ಲ." ನಿಜವನ್ನು ಸುಳ್ಳೆಂದು ಒಪ್ಪಿಕೊಂಡವನು ಯಾವ ಮಕ್ಕಳ ಮುಂದೆ ನಿಲ್ಲಬೇಕು? ಒಪ್ಪಲಿಲ್ಲ. ಹತ್ತನೇ ತರಗತಿಯಲ್ಲಿ ಮನಸ್ಸು ನಿಲ್ಲದೆ ಒಮ್ಮೆ ಶಾಲೆ ಬಿಟ್ಟವನು ನಾನು. ಈ ಸಲ ಬಿಡುವ ಮನಸ್ಸಿರಲಿಲ್ಲ, ಅವರೇ ಹೊರಗೆ ಹಾಕಿದರು.

ನನ್ನನ್ನು ವಾಪಸು ಸೇರಿಸಿಕೊಳ್ಳಿ ಎಂದು ಕೇಳುತ್ತಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಇಂಥ ಕೋಣೆಗಳು ಎಷ್ಟಿವೆಯೋ, ಮೊದಲೇ ತಿಳಿಸದೆ ಹೋಗಿ ನೋಡಿ. ಎಷ್ಟು ವಿಧ ಎಂದು ಕೇಳಬೇಡಿ. ಒಬ್ಬೊಬ್ಬರನ್ನೂ ಕೂರಿಸಿ ಒಂದು ರಜಾ ಅರ್ಜಿ ಟೈಪ್ ಮಾಡಿಸಿ. ಎಲ್ಲರಿಗೂ ಬರುವವರೆಗೆ ಬಾಗಿಲು ಮುಚ್ಚಗೊಡಬೇಡಿ.

ಅವ್ವನಿಗೆ ನಿನ್ನೆ ಎಲ್ಲ ಹೇಳಿದೆ. ಹಿಟ್ಟಿನ ಡಬ್ಬಿ ತೆಗೆದು, "ರೊಟ್ಟಿ ಎಷ್ಟು ಕಟ್ಲಿ?" ಎಂದಳು. ಕೆಲಸ ಹುಡುಕಿಕೊಂಡು ನಾಳೆ ಬೆಳಿಗ್ಗೆ ಹೊಸಪೇಟೆಗೆ ಹೊರಡುತ್ತೇನೆ.

ಇಂತಿ,
ಸರಿ ಉತ್ತರ ಹೇಳಿಯೂ ಹೊರಬಿದ್ದ
ಹುಲುಗೇಶ್, ಕೊಟ್ಟೂರು