ಎಡಗಡೆಯ ಡೊಂಕು

೧೨ ಜನವರಿ ೧೯೬೯, ಭಾನುವಾರ

ಮರದ ಕಾರಿನ ನಾಲ್ಕನೆಯ ಟೈರೂ ಮುಗಿಯಿತು. ಹವಾಯಿ ಚಪ್ಪಲಿಯ ರಬ್ಬರು ಕೊರೆದು, ಉಜ್ಜಿ, ಗೀರು ಹಾಕುವಷ್ಟರಲ್ಲಿ ಬೆರಳ ತುದಿಯ ಚರ್ಮ ಹೋಯಿತು. ಮುತ್ತಮ್ಮ ಬೆಳಗ್ಗಿನಿಂದ ಚಪ್ಪಲಿ ಹುಡುಕುತ್ತಿದ್ದಾಳೆ. ಒಂದು ಸಿಕ್ಕಿದೆ. ಇನ್ನೊಂದು ರೇಸ್ ಕಾರಿಗೆ ಹೋಗಿದೆ ಎಂದು ಹೇಳಲು ಧೈರ್ಯ ಬರಲಿಲ್ಲ. ಬಾಣಂತನಕ್ಕೆ ಬಂದ ತಂಗಿ. ಬಯ್ಯಿಸಿಕೊಳ್ಳಲು ಇನ್ನೂ ಎರಡು ತಿಂಗಳಿದೆ.

ಅವಳನ್ನು ಆವಲಪ್ಪನಿಗೆ ಕೊಟ್ಟದ್ದರಿಂದಲೇ ನನಗೆ ಈ ಹುಚ್ಚು ಹತ್ತಿದ್ದು. ಅವನಿಗೆ ಬೆಂಗಳೂರಿನ ಗ್ಯಾರೇಜಿನಲ್ಲಿ ಕೆಲಸ. ಒಂದು ದಿನ ಇಂಗ್ಲಿಷ್ ಪತ್ರಿಕೆ ತಂದು ತೋರಿಸಿದ. ಅಮೆರಿಕದವರ ಹಾಟ್ ರಾಡ್. ಹಳೆಯ ಫೋರ್ಡಿನ ಬಾನೆಟ್ ಕಿತ್ತು ಎಂಜಿನ್ ಹೊರಗೆ ಕಾಣುವಂತೆ ಇಟ್ಟದ್ದು. ದೇವರ ವಾಹನ ಕೆತ್ತುವ ಕೈ ಸುಮ್ಮನಿರಲಿಲ್ಲ. ಹಾಲೆ ಮರದಲ್ಲಿ ಮಾಡಿದೆ. ಅವ್ವ ನೋಡಿ, "ಪಾಪ, ಹೊಟ್ಟೆ ಬಗೆದು ಬಿಟ್ಟವ್ರಲ್ಲೋ" ಅಂದಳು.

ಈಗಿನದು ಚಿತ್ರ ನೋಡಿ ಮಾಡುವುದಲ್ಲ. ಅದೇ ಗ್ಯಾರೇಜಿನಲ್ಲಿರುವ ನಿಜವಾದ ಕಾರು. ಯುದ್ಧಕ್ಕೆ ಮುಂಚಿನದು, ಒಬ್ಬನೇ ಕೂರುವುದು, ಕೆಂಪು. ಮಾಲೀಕರು ವೆಂಕಟರಾಯಪ್ಪನವರು. ಮೇಜಿನ ಮೇಲಿಡಲು ಅದರ ಮರಿ ಬೇಕಂತೆ. ಒಂದು ಅಡಿಗೆ ಒಂದೂವರೆ ಇಂಚು.

೧೯ ಜನವರಿ, ಭಾನುವಾರ

ಗ್ಯಾರೇಜಿಗೆ ಹೋಗಿ ಉಳಿದ ಅಳತೆಗಳನ್ನೂ ತಂದೆ. ಕಾರಿನ ಮೂತಿಯಿಂದ ಬಾಲದವರೆಗೆ ಮಧ್ಯಕ್ಕೆ ನೂಲು ಕಟ್ಟಿ, ಬಲಗಡೆ ಅಳೆದೆ. ಆವಲಪ್ಪ ಕೆಳಗಿನಿಂದ ತೆವಳಿಕೊಂಡು ಬಂದ. ಮುಖವೆಲ್ಲ ಗ್ರೀಸ್.

"ಎಡಗಡೆ ಯಾಕ್ ಬಾವ ಬಿಟ್ಬಿಟ್ಟೆ?"

"ಅದನ್ನ ನೂಲೇ ಹೇಳ್ತದೆ ಕಣೋ. ಬಲಗಡೆ ಇದ್ದಂಗೆ ಎಡಗಡೆ."

ನನಗೆ ಕೆಲಸ ಕಲಿಸಿದ ಬೊಮ್ಮಾಚಾರ್ರು ಹೀಗೆಯೇ ಮಾಡುತ್ತಿದ್ದರು. ನೂಲಿನ ಆ ಕಡೆ ಈ ಕಡೆ ಕೂದಲಷ್ಟು ವ್ಯತ್ಯಾಸ ಬಂದರೂ ಆ ಮೂರ್ತಿ ಪೂಜೆಗೆ ಬರುವುದಿಲ್ಲ. ನಲವತ್ತು ವರ್ಷ ಅವರು ಕೆತ್ತಿದ್ದು ಹಾಗೆಯೇ.

೨೮ ಜನವರಿ

ಆವಲಪ್ಪ ವಾರದ ಮಧ್ಯೆ ಬಂದ. ಉಳಿ ಕೆಳಗಿಟ್ಟು ಎದ್ದೆ. ಏನಿಲ್ಲ, ಅವನು ಚೆನ್ನಾಗಿದ್ದಾನೆ. ಕಾರಿಗೆ ಪೆಟ್ಟು. ಪ್ರಾಕ್ಟೀಸಿಗೆ ಹೋದಾಗ ಬದುವಿಗೆ ಗುದ್ದಿ, ಮುಂದಿನ ಎಡ ಚಕ್ರ ತಿರುಗಿಸುವ ಕಬ್ಬಿಣದ ತೋಳು — ಸ್ಟೀರಿಂಗ್ ಆರ್ಮ್ ಅಂತಾರೆ — ಬಗ್ಗಿ ಹೋಗಿದೆ. ಅಷ್ಟು ಹಳೆಯ ಕಾರಿನ ಸ್ಪೇರ್ ಎಲ್ಲಿ ಸಿಗಬೇಕು. ಬಗ್ಗಿದ ತೋಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದ. ಹಾವು ಹೊರಳಿದ ಹಾಗಿತ್ತು. ಒಂದು ಕಡೆ ಅಲ್ಲ, ಎರಡು ಕಡೆ ಡೊಂಕು.

"ಅಳತೆ ಎಲ್ಲ ನಿನ್ನತ್ರ ಐತಲ್ಲ ಬಾವ. ಮರದಾಗೆ ಒಂದು ಮಾಡ್ಕೊಡು. ಅದನ್ನ ನೋಡ್ಕಂಡು ಹೊಸಕೋಟೆ ಕಮ್ಮಾರ ಕಬ್ಬಿಣ ಬಡೀತಾನೆ."

ಬಲಗಡೆಯ ಅಳತೆ ತೆಗೆದೆ. ತಿರುಗಿಸಿ ಎಡಗಡೆಯದು ಮಾಡಿದೆ. ಸಂಜೆಯೊಳಗೆ ಮುಗಿಯಿತು. ನೆಟ್ಟಗೆ, ಚೊಕ್ಕಟವಾಗಿ. ಬಗ್ಗಿದ್ದನ್ನು ಅಟ್ಟಕ್ಕೆ ಎಸೆದೆ.

ನನ್ನ ಕೈಯಿಂದ ನಿಜವಾದ ರೇಸ್ ಕಾರಿಗೆ ಒಂದು ಅಂಗ. ಅವ್ವನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ, "ಆಯ್ತು, ಮುದ್ದೆ ಉಣ್ಣು" ಅಂದಳು.

೯ ಫೆಬ್ರವರಿ, ಭಾನುವಾರ

ತೋಳು ಕೂತಿತಂತೆ. ಬೆಣ್ಣೆಯ ಹಾಗೆ ತಿರುಗುತ್ತದಂತೆ. ೨೩ಕ್ಕೆ ರೇಸ್. ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ. ವೆಂಕಟರಾಯಪ್ಪನವರು ಆವಲಪ್ಪನನ್ನೇ ಓಡಿಸು ಎಂದಿದ್ದಾರೆ. ಇಷ್ಟು ದಿನ ಅವನು ಬರೀ ಮೆಕ್ಯಾನಿಕ್. ಮುತ್ತಮ್ಮ ತನ್ನ ಹಳೆಯ ಹಸಿರು ಸೀರೆ ಹರಿದು ತಲೆಗೆ ಕಟ್ಟಿಕೊಳ್ಳಲು ಪಟ್ಟಿ ಮಾಡಿಕೊಟ್ಟಳು. ಅದನ್ನು ಕಟ್ಟಿಕೊಂಡು ಅಂಗಳವೆಲ್ಲ ಓಡಾಡಿದ.

ನನ್ನ ಮರಿ ಕಾರಿಗೆ ಬ್ರೇಕಿನ ಪೈಪು ಹೇಗೆ ಹೋಗುತ್ತದೆಂದು ಕೇಳಿದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದ. ಬಲಗಡೆ ಮೇಲಿನಿಂದ ಬರುತ್ತದೆ. ಎಡಗಡೆ ಕೆಳಗಿನಿಂದ.

"ಎರಡೂ ಕಡೆ ಒಂದೇ ಥರ ಯಾಕಿಲ್ಲ?"

"ಮಾಡಿದೋನು ಸತ್ತು ಯಾವ ಕಾಲ ಆಯ್ತೋ. ಯಾರನ್ನ ಕೇಳಾಣ ಬಾವ."

ನಕ್ಕೆವು.

೧೭ ಫೆಬ್ರವರಿ, ಸೋಮವಾರ, ಬೆಳಗ್ಗೆ

ಕೊನೆಯ ಕೆಲಸಗಳು. ಟೀ ಸೋಸುವ ಜಾಲರಿಯಿಂದ ಮುಂದಿನ ಗ್ರಿಲ್. ಸೈಕಲ್ ಕಡ್ಡಿಯಿಂದ ಸೈಲೆನ್ಸರ್. ಹಿತ್ತಾಳೆ ಉಂಗುರಕ್ಕೆ ನೂಲು ಸುತ್ತಿ ಸ್ಟೀರಿಂಗ್. ಅದನ್ನು ತಿರುಗಿಸಿದರೆ ಚಕ್ರವೂ ತಿರುಗುತ್ತದೆ. ಸುಟ್ಟ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಬ್ರೇಕ್ ಪೈಪು ಎಳೆದೆ, ಅವನು ಬರೆದ ಹಾಗೆಯೇ.

ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಸರಿ. ಬಲಕ್ಕೆ. ಪೂರ್ತಿ ಬಲಕ್ಕೆ ತಿರುಗಿದಾಗ — ಟಿಕ್.

ಬಗ್ಗಿ ನೋಡಿದೆ. ಎಡಗಡೆಯ ತೋಳು ಹೋಗಿ ತಂತಿಗೆ ತಾಗುತ್ತಿದೆ.

ಅದೇ ದಿನ, ರಾತ್ರಿ

ನಿಜದ ಕಾರಿನಲ್ಲಿರುವುದೂ ಇದೇ ಅಳತೆಯ ತೋಳು. ಎಷ್ಟು ಸಲ ತಿರುಗಿಸಿದೆನೋ. ತಂತಿಯ ಮೇಲೆ ಗೆರೆ ಬಿದ್ದಿದೆ. ನನ್ನ ತಂತಿ ದಪ್ಪವಿರಬಹುದು. ಮರಿ ಕಾರಿನಲ್ಲಿ ಕೂದಲಷ್ಟು ತಪ್ಪು ದೊಡ್ಡದಾಗಿ ಕಾಣುತ್ತದೆ. ನಿಜದ ಕಾರಿನಲ್ಲಿ ಜಾಗ ಇರಬಹುದು. ಇರಬಹುದು...

ಆ ವಿಮಾನದ ಪಟ್ಟಿಯ ತುದಿಯಲ್ಲಿ ಡ್ರಮ್ಮು ಇಟ್ಟಿರುತ್ತಾರೆ. ಅದನ್ನು ಸುತ್ತಿ ಬರಬೇಕು. ಪೂರ್ತಿ ಬಲಕ್ಕೆ ತಿರುಗಬೇಕು. ಪ್ರತಿ ಸುತ್ತಿಗೂ ಒಂದು ಟಿಕ್. ಪೈಪು ಸವೆಯುತ್ತಾ ಹೋಗಿ, ಎಣ್ಣೆ ಸೋರಿ, ಆಮೇಲೊಂದು ಸುತ್ತಿನಲ್ಲಿ ಅವನು ಬ್ರೇಕ್ ತುಳಿದರೆ ಏನೂ ಇರುವುದಿಲ್ಲ. ಡ್ರಮ್ಮಿನ ಆಚೆ ಕಲ್ಲಿನ ಕಾಂಪೌಂಡು.

ಸಂಜೆ ಜಗುಲಿಯ ಮೇಲೆ ಎಂದಿನಂತೆ ಜನ ಕೂತರು. ಕಥೆ ಹೇಳು ಪಿಳ್ಳಣ್ಣ ಅಂದರು. ರಾಕ್ಷಸನ ಪ್ರಾಣ ಗಿಳಿಯಲ್ಲಿರುವ ಕಥೆ ಶುರುಮಾಡಿ, ಗಿಳಿಯ ಕತ್ತಿನ ಹತ್ತಿರ ಬಂದಾಗ ನಿಲ್ಲಿಸಿಬಿಟ್ಟೆ. ಇಲ್ಲಿ ಪ್ರಾಣ ಇರುವುದು ಗೇಣುದ್ದ ತಾಮ್ರದ ಪೈಪಿನಲ್ಲಿ. ತಲೆನೋವು ಎಂದು ಎದ್ದುಬಂದೆ.

೧೮ ಫೆಬ್ರವರಿ

ಮೊದಲ ಬಸ್ಸಿಗೆ ಗ್ಯಾರೇಜಿಗೆ ಹೋದೆ. ಆವಲಪ್ಪನೂ ಇಲ್ಲ, ಕಾರೂ ಇಲ್ಲ. ಟ್ಯೂನಿಂಗಿಗೆಂದು ಎಲ್ಲಿಗೋ ತೆಗೆದುಕೊಂಡು ಹೋಗಿದ್ದಾರೆ, ಶನಿವಾರದವರೆಗೆ ಬರುವುದಿಲ್ಲ. ವೆಂಕಟರಾಯಪ್ಪನವರಿಗೆ ಹೇಳಿದೆ. ಗೌರವದಿಂದಲೇ ಕೇಳಿಸಿಕೊಂಡರು. ಕಾಫಿ ತರಿಸಿದರು.

"ಅಲ್ಲಾ ಪಿಳ್ಳಣ್ಣ, ಬೊಂಬೆ ನೋಡಿ ಕಾರಿಗೆ ಕಾಯಿಲೆ ಹೇಳ್ತೀರಲ್ಲ. ನಿಮ್ಮ ಬೊಂಬೆಗೆ ಜ್ವರ ಬಂದ್ರೆ ನಾನು ಮಾತ್ರೆ ನುಂಗ್ಲಾ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಭಯಕ್ಕೆ ನಗು ಬೇಗ ಬರುತ್ತದೆ.

೧೯ ಫೆಬ್ರವರಿ

ಅಟ್ಟ ಹತ್ತಿ ಹಳೆಯ ತೋಳು ಇಳಿಸಿದೆ. ಬೆಳಕಿಗೆ ಹಿಡಿದು ನೋಡಿದೆ.

ಎರಡು ಡೊಂಕು. ಒಂದರ ಮೇಲೆ ಬಣ್ಣ ಸೀಳಿ ಎದ್ದಿದೆ, ಒಳಗಿನ ಕಬ್ಬಿಣ ಹೊಳೆಯುತ್ತಿದೆ. ಇನ್ನೊಂದರ ಮೇಲೆ ಬಣ್ಣ ಹಾಗೆಯೇ ಇದೆ. ಒಂದು ಬಿರುಕಿಲ್ಲ. ಮಡಿಕೆಯೊಳಗೆ ಹಳೆಯ ಗ್ರೀಸು ಕಲ್ಲಾಗಿ ಕೂತಿದೆ.

ಅದು ಪೆಟ್ಟಿನಿಂದ ಬಂದ ಡೊಂಕಲ್ಲ. ಮಾಡಿದವನೇ ಬಗ್ಗಿಸಿದ್ದು. ಪೈಪಿಗೆ ದಾರಿ ಬಿಡಲು. ನಾನು ಅದನ್ನು ನೆಟ್ಟಗೆ ಮಾಡಿದೆ. ದೇವರ ಮೂರ್ತಿ ಮಾಡುವ ಹಾಗೆ. ಎರಡೂ ಕಡೆ ಸಮ...

ನೂಲಿನ ಮೇಲೆ ನಂಬಿಕೆ ಇಟ್ಟು, ತಂಗಿಯ ಗಂಡನನ್ನು...

ಬರೆಯಬಾರದು. ಬರೆದರೆ ಆಗಿಬಿಡುತ್ತದೆ ಎನಿಸುತ್ತದೆ.

೨೧ ಫೆಬ್ರವರಿ, ಶುಕ್ರವಾರ

ಅವ್ವನಿಗೆ ಒಬ್ಬಳಿಗೇ ಹೇಳಿದೆ, ಹಿತ್ತಲಿನಲ್ಲಿ. ಅವಳು ಮೊದಲು ನೋಡಿದ್ದು ಮುತ್ತಮ್ಮ ಎಲ್ಲಿದ್ದಾಳೆಂದು.

"ಆ ಹುಡುಗಿ ಕಿವಿಗೆ ಬಿದ್ದೀತು. ಸುಮ್ಕಿರು."

"ಹೇಳ್ದೆ ಹೆಂಗವ್ವ ಇರ್ಲಿ?"

"ನಾಳೆ ಅವನು ಬರ್ತಾನಲ್ಲ ಕಾರಿನ ಪೂಜೆಗೆ. ಬಂದ ತಕ್ಷಣ ಪಕ್ಕಕ್ಕೆ ಕರೆದು ಹೇಳು. ಹೊರಟು ನಿಂತ ಮೇಲೆ ಮಾತ್ರ ತುಟಿ ಬಿಚ್ಚಬೇಡ. ಹಿಂದಿನಿಂದಂತೂ ಕೂಗ್ಲೇಬೇಡ. ನಿಮ್ಮಪ್ಪ ಸಂತೆಗೆ ಹೊರಟಾಗ ಬೀಡಿ ಮರೆತ್ರಿ ಅಂತ ಹಿಂದಿನಿಂದ ಕೂಗಿದ್ದೆ. ಆವತ್ತು ಹೋದೋರು..."

ಮಿಕ್ಕದ್ದು ನನಗೆ ಗೊತ್ತು. ಅಪ್ಪ ನಡೆದು ಮನೆಗೆ ಬರಲಿಲ್ಲ, ಹೊತ್ತು ತಂದರು.

೨೨ ಫೆಬ್ರವರಿ, ಶನಿವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಹತ್ತು ಗಂಟೆಗೆ ಬರುತ್ತೇನೆ ಎಂದವನು ಹನ್ನೆರಡಕ್ಕೆ ಬಂದ. ಸಪ್ಪಲಮ್ಮನ ಗುಡಿಯ ಮುಂದೆ ಇಡೀ ಜಡಿಗೇನಹಳ್ಳಿ ಸೇರಿತ್ತು. ಕೆಂಪು ಕಾರು ನಿಂತದ್ದೇ ಜನ ಮುತ್ತಿಕೊಂಡರು. ವೆಂಕಟರಾಯಪ್ಪನವರ ಜೀಪು ಹಿಂದೆಯೇ. ಹಳೆಯ ತೋಳನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಜನ ಬಿಡಿಸಿಕೊಂಡು ಅವನ ಹತ್ತಿರ ಹೋಗುವಷ್ಟರಲ್ಲಿ ಮಂಗಳಾರತಿ ಶುರುವಾಗಿತ್ತು.

"ಆವಲಪ್ಪ, ಒಂದು ಮಾತು. ಎಡಗಡೆ ಪೈಪು —"

"ಬಂದ ಮೇಲೆ ಬಾವ. ಲೇಟಾಗೈತೆ. ಅಲ್ಲಿ ಆರ್‌ಟಿಓ ಥರ ಕಾರು ಚೆಕ್ ಮಾಡ್ತಾರಂತೆ, ನಾಲ್ಕಕ್ಕೆಲ್ಲ ಇರ್ಬೇಕು."

"ಒಂದೇ ನಿಮಿಷ ಕಣೋ —"

ಪಕ್ಕದಲ್ಲಿ ಮುತ್ತಮ್ಮ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ, "ಏನಣ್ಣ?" ಅಂದಳು. ಅವ್ವ ನನ್ನ ರಟ್ಟೆ ಹಿಡಿದಳು. ಉಗುರು ಚುಚ್ಚಿತು. ನನ್ನ ಬಾಯಿ ಮುಚ್ಚಿತು. ಸತ್ಯವಾಗಿ, ಮುಚ್ಚಿಕೊಂಡಿತು.

ಕುಂಬಳಕಾಯಿ ಒಡೆದರು. ಚಕ್ರದ ಕೆಳಗೆ ನಿಂಬೆಹಣ್ಣು. ಹಸಿರು ಪಟ್ಟಿ ಬಿಗಿದುಕೊಂಡ. ಹತ್ತಿದ. ಹೊರಟ.

ಗುಡಿಯ ಮುಂದಿನ ಹುಣಸೆಮರದ ಹತ್ತಿರ ರಸ್ತೆ ಬಲಕ್ಕೆ ತಿರುಗುತ್ತದೆ. ಇಕ್ಕಟ್ಟಿನ ತಿರುವು, ಸ್ಟೀರಿಂಗ್ ಪೂರ್ತಿ ತಿರುಗಿಸಬೇಕು. ಚಕ್ರ ಬಲಕ್ಕೆ ಹೊರಳಿದ್ದು ಕಂಡಿತು. ಅಷ್ಟು ದೂರದಿಂದ, ಆ ಎಂಜಿನ್ನಿನ ಸದ್ದಿನಲ್ಲಿ, ಟಿಕ್ ಎಂದದ್ದು ನನಗೆ ಕೇಳಿಸಲು ಸಾಧ್ಯವೇ ಇಲ್ಲ. ಕೇಳಿಸಿತು.

ಕೂಗಿದೆ. ಹಿಂದಿನಿಂದ. "ಆವಲಪ್ಪಾ ನಿಲ್ಲೋ" ಎಂದು, ಊರಿಗೆ ಊರೇ ತಿರುಗಿ ನೋಡುವ ಹಾಗೆ. ಓಡುತ್ತ ಕೂಗಿದೆ. ಅವ್ವ ಕುಸಿದು ಕೂತಳು.

ಕಾರು ನಿಂತಿತು. ಅವನ ಮುಖ ಬಿಳಿಚಿತ್ತು. ಅವನಿಗೂ ಗೊತ್ತು, ಹಿಂದಿನಿಂದ ಕೂಗುವುದೆಂದರೆ ಏನೆಂದು. "ಎಂಥ ಕೆಲ್ಸ ಮಾಡ್ಬಿಟ್ಟೆ ಬಾವ" ಅಂದ, ಮೆಲ್ಲಗೆ. ನಾನು ಟವೆಲು ಬಿಚ್ಚಿ ತೋಳು ತೋರಿಸಿದೆ. ಸೀಳಿದ ಡೊಂಕು. ಸೀಳದ ಡೊಂಕು. ಬೆರಳಿಟ್ಟು ತೋರಿಸಿದೆ.

ಧೂಳಿನಲ್ಲಿ ಮಲಗಿ ಕಾರಿನ ಕೆಳಗೆ ತಲೆ ಹಾಕಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಒಳಗಿನಿಂದಲೇ ವೆಂಕಟರಾಯಪ್ಪನವರನ್ನು ಕರೆದ. ಬಿಳಿ ಪ್ಯಾಂಟಿನಲ್ಲೇ ಅವರೂ ಮಂಡಿಯೂರಿದರು. ಪೈಪಿನ ಮೇಲೆ ಗೆರೆ. ಕುಡುಗೋಲಿನಿಂದ ಗೀರಿದ ಹಾಗೆ, ಹೊಸದು, ಹೊಳೆಯುವುದು.

ಜೀಪು ಹತ್ತಿ ಪಿಳ್ಳಣ್ಣ ಅಂದರು.

ಹೊಸಕೋಟೆಗೆ ಹೋದೆವು. ಕಮ್ಮಾರ ತೋಳು ಕಾಯಿಸಿದ. ಎಲ್ಲಿ, ಎಷ್ಟು ಬಗ್ಗಿಸಬೇಕೆಂದು ತೋರಿಸಿದವನು ಮತ್ತೆ ನಾನೇ. ಈ ಸಲ ನೂಲು ಕಟ್ಟಲಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು, ಸೀಳದ ಡೊಂಕಿನ ಮೇಲೆ ಬೆರಳಾಡಿಸುತ್ತ, ಸಾಕು, ಇನ್ನೂ ಸ್ವಲ್ಪ, ಸಾಕು ಅಂದೆ. ಪೈಪು ಹೊಸದು ಹಾಕಿದರು. ಪೂರ್ತಿ ಬಲಕ್ಕೆ ತಿರುಗಿಸಿದ. ಸದ್ದಿಲ್ಲ. ಮತ್ತೆ ತಿರುಗಿಸು ಅಂದೆ. ಮತ್ತೆ. ಅವನಿಗೇ ಬೇಜಾರಾಗಿ, "ಸಾಕು ಬಿಡು ಬಾವ" ಅಂದ.

ಅಲ್ಲಿಂದ ಹಾಗೇ ಹೋದ. ನಾನು ಬೇರೆ ಕಡೆ ಮುಖ ತಿರುಗಿಸಿ ನಿಂತೆ. ಬಾಯಿಯ ಮೇಲೆ ನಂಬಿಕೆ ಇರಲಿಲ್ಲ.

೨೩ ಫೆಬ್ರವರಿ, ಭಾನುವಾರ, ಬೆಳಗ್ಗೆ

ರೇಸ್ ನೋಡಲು ಹೋಗಲಿಲ್ಲ. ಕಾಯಿಸಿದ ಕಬ್ಬಿಣ. ಕಾಯಿಸಿ ಬಗ್ಗಿಸಿದ್ದು ಒಳಗೇ ಬಿರಿದಿದ್ದರೆ? ಹೊರಗಿನಿಂದ ಕಾಣುವುದಿಲ್ಲ. ನಿನ್ನೆ ತಲೆಗೆ ಹೊಳೆಯಲಿಲ್ಲ ಇದು. ಈಗ ಹೊಳೆಯುತ್ತಿದೆ.

ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮುತ್ತಮ್ಮನಿಗೆ ಎಲ್ಲ ಗೊತ್ತಾಗಿದೆ. ಅವಳು ಕೇಳಿದ್ದು ಒಂದೇ. "ಕೂಗಿದ್ದಕ್ಕೆ ನಿಂತ್ರಲ್ಲ ಅಣ್ಣ, ಅದು ಒಳ್ಳೇದೇ ಅಲ್ವಾ?" ಹೌದು ಅಂದೆ. ಗೊತ್ತಿದ್ದು ಹೇಳಿದ್ದಲ್ಲ.

ಮಧ್ಯಾಹ್ನ

ಮರಿ ಕಾರಿನ ಎಡಗಡೆಯ ತೋಳು ಕಿತ್ತು, ಡೊಂಕಿನದು ಮಾಡಿ ಹಾಕಿದೆ. ಮುಂದಿನಿಂದ ನೋಡಿದರೆ ಅಸಮ. ಬೊಮ್ಮಾಚಾರ್ರು ಇದ್ದಿದ್ದರೆ ಕೆರೆಗೆ ಹಾಕು ಅನ್ನುತ್ತಿದ್ದರು. ಹಲಗೆಯ ಮೇಲಿಟ್ಟು ಉರುಳಿಸಿ ನೋಡಬೇಕು. ಧೈರ್ಯವಿಲ್ಲ. ಇದು ಎಲ್ಲಾದರೂ ಉರುಳಿ ಬಿದ್ದರೆ...

ಕೈಯಲ್ಲೇ ಹಿಡಿದುಕೊಂಡು ಕೂತಿದ್ದೇನೆ.

ಐದು ಗಂಟೆ

ರೇಸ್ ಮುಗಿದ ಮೇಲೆ ಗೆದ್ದರೂ ಸೋತರೂ ಕಾರನ್ನು ಲಾರಿಗೆ ಕಟ್ಟಿ ಈ ದಾರಿಯಲ್ಲೇ ತರುತ್ತೇವೆ ಎಂದಿದ್ದ ಆವಲಪ್ಪ. ಗ್ಯಾರೇಜಿಗೆ ಇದು ಸುತ್ತು. ಮುತ್ತಮ್ಮನಿಗಾಗಿ. ಹಗ್ಗ ಕಟ್ಟಿ ಎಳೆದರೂ ಸ್ಟೀರಿಂಗ್ ಹಿಡಿಯಲು ಒಳಗೆ ಒಬ್ಬ ಕೂರಲೇಬೇಕು. ಅದು ಅವನೇ ಆಗಿರಬೇಕೆಂದೇನಿಲ್ಲ.

ಐದೂವರೆ ಇರಬೇಕು

ಕೆರೆ ಏರಿಯ ಮೇಲೆ ಧೂಳು. ಲಾರಿ.

ಹಿಂದೆ ಕೆಂಪು. ಮೂತಿ ನಜ್ಜಿದ ಹಾಗಿದೆ, ಅಥವಾ ಬಿಸಿಲೋ. ಒಳಗೆ ಒಬ್ಬ ಕೂತಿದ್ದಾನೆ. ಧೂಳಿನಲ್ಲಿ ಮುಖ ಕಾಣುತ್ತಿಲ್ಲ.

ಮುತ್ತಮ್ಮ ಓಡಿದಳು. ಬರಿಗಾಲು. ಏರಿಯ ಮೇಲೆಲ್ಲ ಜಾಲಿಮುಳ್ಳು. ಹಿಂದಿನಿಂದ ಯಾರೋ ಕೂಗುತ್ತಿದ್ದಾರೆ, "ನಿಧಾನ ಕಣೇ, ಬಿದ್ದುಗಿದ್ದೀಯ" ಅಂತ — ಅವ್ವ. ಅವ್ವನೇ.

ಒಳಗಿದ್ದವನು ಎದ್ದು ನಿಂತ. ತಲೆಗೆ ಕಟ್ಟಿದ್ದು ಹಸಿರು ಪಟ್ಟಿ.