ಗಡಿಕಲ್ಲಿನವರೆಗೆ

ಒಂದು ಸಲಿಕೆಯಷ್ಟು ಆಚೆ ತೆಗೆದರೆ ಕೈಯೇನು ಸವೆಯುವುದಿಲ್ಲ ಎಂದೋ ಏನೋ ನೀನು ಹೇಳುತ್ತಿದ್ದೆ, ಕೋಸಾಕು. ನಮ್ಮ ಊರು ತೊಕಾಮಾಚಿಯಲ್ಲಿ ಎಲ್ಲರೂ ತಮ್ಮ ದಾರಿಯ ಹಿಮ ತೆಗೆದ ಮೇಲೆ ಪಕ್ಕದವರ ಕಡೆಯೂ ಅಷ್ಟು ತೆಗೆಯುತ್ತಾರೆ. ನೀನು ಸತ್ತ ಮೇಲೆ ಇವತ್ತೇ ಮೊದಲ ದೊಡ್ಡ ಹಿಮ. ನಾನು ನಮ್ಮಿಬ್ಬರ ಮನೆಗಳ ನಡುವಿನ ಗಡಿಕಲ್ಲಿನ ಹತ್ತಿರ ನಿಲ್ಲಿಸಿಬಿಟ್ಟೆ. ನಿನ್ನ ಮನೆಯಲ್ಲಿ ಈಗ ನಿನ್ನ ಹೆಂಡತಿ ಒಬ್ಬಳೇ; ಒಂಟಿ ಹೆಂಗಸಿನ ದಾರಿ ತೆಗೆದರೆ ಕೇರಿಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು.

ಎದುರುಮನೆಯ ಒಕಿನೊ ಅಜ್ಜಿ ಕಿಟಕಿಯಿಂದಲೇ ಕೂಗಿದಳು: "ಏನಪ್ಪಾ, ಹಿಮ ಕಲ್ಲಿನ ಹತ್ರ ಚಾಕು ಇಟ್ಟು ಕೊಯ್ದ ಹಾಗಿದೆಯಲ್ಲ! ಪಕ್ಕದಲ್ಲಿ ಮನುಷ್ಯರಿಲ್ವಾ?"

ನಕ್ಕು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಹೊರಗೆ ಕೆರೆಯುವ ಸದ್ದು. ನಿನ್ನ ಹೆಂಡತಿ ಫುಮಿಯೆ ತನ್ನ ಬಾಗಿಲಿನಿಂದ ತೆಗೆಯುತ್ತ ಬಂದು, ಕಲ್ಲು ದಾಟಿ, ನನ್ನ ಕಡೆ ಹೊಸದಾಗಿ ಬಿದ್ದಿದ್ದ ಹಿಮವನ್ನೂ ತೆಗೆಯುತ್ತಿದ್ದಳು. ನಾನು ಹೊರಗೆ ಓಡಿದೆ.

"ಕ್ಷಮಿಸಿ, ಮಿಜೊಗುಚಿ ಅವರೇ," ಎಂದು ಬಾಗಿದಳು. "ನಮ್ಮ ಮನೆಯವರಷ್ಟು ಬೇಗ ನನ್ನ ಕೈಲಿ ಆಗಲ್ಲ. ನಿಮಗೆ ತೊಂದರೆ ಆಯ್ತು."

"ಅಯ್ಯೋ, ನಾನೇ ಈಗ ಬರೋನಿದ್ದೆ," ಎಂದೆ.

ನನ್ನ ಕೈ ಖಾಲಿಯಿತ್ತು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಅವಳು ಅದನ್ನು ನೋಡಿ, ಮತ್ತೆ ಸಲಿಕೆ ಎತ್ತಿದಳು.

ನಾಳೆ ಅವಳು ಏಳುವ ಮೊದಲೇ ನಿಮ್ಮ ಬಾಗಿಲಿನವರೆಗೂ ತೆಗೆದಿಟ್ಟರೆ, ಅದಕ್ಕೂ ಅವಳು ನನ್ನಲ್ಲೇ ಕ್ಷಮೆ ಕೇಳುತ್ತಾಳಾ?